ನೀರು ಇಳಿದಾಗ ಕಾಣುವ ಊರು: ಹುಕ್ಕೇರಿ ತಾಲೂಕಿನ ಹುನ್ನೂರ

ಭಾಗ 1

ಮೊದಲನೇ ಫೋಟೊ ನೋಡಿದ ಕೂಡಲೇ ನಿಮ್ಮೊಳಗ ಅರ್ಧ ಮಂದಿ "ಏ, ಇದು ಗೊತ್ತೈತಿ" ಅಂತೀರಿ. ಹೌದು, ಹಿಡಕಲ್ ಡ್ಯಾಮಿನ ಹಿನ್ನೀರಿನ ವಿಠ್ಠಲ ಗುಡಿ. ವರ್ಷದ ಹೆಚ್ಚಿನ ತಿಂಗಳು ನೀರಾಗ ಇರ್ತದ. ಬ್ಯಾಸಿಗ್ಯಾಗ ನೀರು ಪೂರಾ ಇಳಿದಾಗ ಕಲ್ಲಿನ ಗುಡಿ ಹೊರಗ ಬರ್ತದ. ಆವಾಗ ಗೋಕಾಕ, ಹುಕ್ಕೇರಿ, ಬೆಳಗಾವಿ ಕಡೆಯಿಂದ ಬೈಕ್ ಮ್ಯಾಲೆ ಮಂದಿ ಬಂದು ರೀಲ್ಸ್ ಮಾಡಿ ಹೋಗ್ತಾರ. ಸುಳ್ಳ್ಯಾಕ ಹೇಳಲಿ, ಮೊದಲನೇ ಸಲ ಹೋದಾಗ ನಾನೂ ಒಂದು ರೀಲ್ ಮಾಡಿದ್ದೆ. ಅದಕ್ಕ ಬಂದಷ್ಟು ಲೈಕ್ ಈ ಪೇಜಿನ ಯಾವ ಇತಿಹಾಸದ ಪೋಸ್ಟಿಗೂ ಬಂದಿಲ್ಲ.

ಮರುದಿನ ಕಾಲೇಜ್ ಕ್ಯಾಂಟೀನಿನಾಗ ನನ್ನ ದೋಸ್ತ ಒಬ್ಬ ಅದನ್ನ ನೋಡಿ ಸುಮ್ಮನ ಫೋನ್ ವಾಪಸ್ ಕೊಟ್ಟ. ಆಮೇಲೆ ಹೇಳಿದ: "ಅದು ಬರೇ ಗುಡಿ ಅಲ್ಲಲೇ. ನಮ್ಮ ಆಯಿ ಸೊಸಿಯಾಗಿ ಬಂದ ಊರು ಅದು."

ಎರಡು ವರ್ಷದಿಂದ ಒಂದ ಬೆಂಚಿನ ಮ್ಯಾಲೆ ಕುಂತೀವಿ. ಇದು ನನಗ ಗೊತ್ತಿರಲಿಲ್ಲ.

ಹೋದ ಸರಣಿಯೊಳಗ ಗೋಕಾಕ ಫಾಲ್ಸಿನ ತೂಗುಸೇತುವೆ ಬಗ್ಗೆ ಬರೆದಿದ್ದೆ. ಈ ಸಲ ಅದೇ ಹೊಳಿಯ ಮ್ಯಾಲಿನ ಕಡೆಗೆ ಹೋಗೋಣ. ಗುಡಿ ಬಗ್ಗೆ ಅಲ್ಲ, ಗುಡಿ ಸುತ್ತ ಇದ್ದ ಊರಿನ ಬಗ್ಗೆ.

ಭಾಗ 2

ಘಟಪ್ರಭಾ ಸಹ್ಯಾದ್ರಿಯಲ್ಲಿ ಹುಟ್ಟಿ ಸುಮಾರು 283 ಕಿಲೋಮೀಟರ್ ಹರಿದು ಬಾಗಲಕೋಟ ಜಿಲ್ಲೆಯ ಚಿಕ್ಕಸಂಗಮದಾಗ ಕೃಷ್ಣೆಗೆ ಸೇರ್ತಾಳೆ. ನಮ್ಮ ಮೂರು ತಾಲೂಕು, ಹುಕ್ಕೇರಿ, ಗೋಕಾಕ, ಮೂಡಲಗಿ, ಇವು ಆಕಿಯ ದಂಡಿ ಮ್ಯಾಲಿನ ಒಂದೇ ಸಾಲಿನ ಊರುಗಳು ಅಂದ್ರೂ ನಡೀತದ. ಆದರ ಮಳೆ ಮಾತ್ರ ಒಂದೇ ಸಮ ಇಲ್ಲ. ಘಟ್ಟಕ್ಕೆ ಹತ್ತಿರ ಇದ್ದಷ್ಟೂ ಮಳೆ ಜಾಸ್ತಿ, ಮೂಡಲಕ್ಕೆ ಸರಿದಷ್ಟೂ ಕಡಿಮಿ. ಹುಕ್ಕೇರಿಯ ಪಡುವಣ ಭಾಗದಾಗ ಹೊಳಿ, ಹಳ್ಳದ ದಂಡಿಗೆ ಭತ್ತ ಬೆಳೀತಾರ. ಅಲ್ಲಿಂದ ಬೈಕ್ ಮ್ಯಾಲೆ ಒಂದೂವರೆ ತಾಸು ಮೂಡಲಕ್ಕ ಬಂದ್ರ ನಮ್ಮ ಎರಿ ಭೂಮಿ, ಜೋಳದ ಸೀಮಿ.

ನಮ್ಮಜ್ಜನ ಕಾಲದಾಗ ನಮ್ಮ ಕಡೆ ಅನ್ನ ಅಂದ್ರ ಹಬ್ಬದ ಊಟ. ದಿನಾ ರೊಟ್ಟಿ, ಪುಂಡಿಪಲ್ಲೆ, ಖಾರ. ಯುಗಾದಿ, ಪಂಚಮಿ, ಇಲ್ಲಾ ಬೀಗರು ಬಂದಾಗ ಅಕ್ಕಿ. ಮನ್ಯಾಗ ಅನ್ನ ಕುದ್ಯಾಕತ್ತೈತಿ ಅಂದ್ರ ಓಣಿಗೆಲ್ಲ ಗೊತ್ತಾಗ್ತಿತ್ತಂತ.

ಹುನ್ನೂರಿನಾಗ ಹಂಗಲ್ಲ ಅಂತಾರ ದೋಸ್ತನ ಆಯಿ. ಅಲ್ಲಿ ಅಕ್ಕಿ ಮನ್ಯಾಗಿನ ಮಾಲು. ಅವರ ಲೆಕ್ಕದಾಗ ಊರಿನ ಭೂಮಿ ಮೂರು ಥರ. ಹೊಳಿದಂಡಿ, ಅಂದ್ರ ನೆರೆ ಬಂದು ಹೋದ ಮೇಲೆ ಗೊಡಗು ಉಳಿಯೋ ಜಾಗ, ಅಲ್ಲಿ ಕಾಯಿಪಲ್ಲೆ. ಅದಕ್ಕಿಂತ ಒಂದು ಮೆಟ್ಟಲು ಮ್ಯಾಲೆ ಗದ್ದಿ, ಅಲ್ಲಿ ಭತ್ತ. ಇನ್ನೂ ಮ್ಯಾಲೆ ಮಸಾರಿ, ಅಲ್ಲಿ ಶೇಂಗಾ, ಜೋಳ, ಮೆಣಸಿನಕಾಯಿ.

ಭತ್ತ ಅಂದ ಕೂಡಲೇ ನಾವು ಟಿವಿಯಾಗ ನೋಡಿದ ಹಂಗ ಮೊಳಕಾಲ ತನಕ ಕೆಸರು, ಸಾಲಾಗಿ ನಿಂತು ಸಸಿ ನೆಡೋ ಹೆಣ್ಣುಮಕ್ಕಳು ಅಂತ ಅನ್ಕೋತೀವಿ. ಬೆಳಗಾವಿ, ಧಾರವಾಡ ಕಡೆ ಹಳೆ ಪದ್ಧತಿ ಬ್ಯಾರೆ: ಕೂರಿಗಿ ಭತ್ತ. ಜೋಳ ಬಿತ್ತಿದ ಹಂಗ, ಒಣ ಮಣ್ಣಿನಾಗ ಕೂರಿಗಿ ಹೂಡಿ ಬಿತ್ತೋದು. ರೋಹಿಣಿ ಮಳಿಗೆ ಬಿತ್ತಿದ್ರ ಮಿರಗಕ್ಕ ಮೊಳಕಿ. ಆಮೇಲೆ ಎಡಿ ಹೊಡೀಬೇಕು, ಕಸ ತೆಗೀಬೇಕು. ಆಷಾಢದಾಗ ಘಟ್ಟದ ಮಳೆ ಜಡಿಯಾಕ ಶುರು ಆದ ಮೇಲೆನೇ ಗದ್ದ್ಯಾಗ ನೀರು ನಿಲ್ಲೋದು. ಕಾಲುವಿ ಇಲ್ಲ, ಪಂಪಸೆಟ್ಟ ಇಲ್ಲ. ಮಳಿ ನಂಬಿ ಬಿತ್ತೋ ಭತ್ತ. "ಕಸ ತೆಗದು ತೆಗದು ನಮ್ಮ ಬೆನ್ನು ಬಗ್ಗಿದ್ದು ಅಲ್ಲೇ ತಮ್ಮಾ, ವಯಸ್ಸಿಗಲ್ಲ" ಅಂದ್ರು ಆಯಿ.

ಭಾಗ 3

ಈಗ ನಮ್ಮ ಕಡೆ ಬರೋಣ. ನಮ್ಮ ಕಡೆಯ ಕಥಿ ಹೇಳದ ಹುನ್ನೂರ ಯಾಕ ಮುಳುಗಿತು ಅನ್ನೋದು ತಿಳಿಯಂಗಿಲ್ಲ.

1876ರಿಂದ 1878ರ ತನಕ ದಖ್ಖನಿನಾಗ ದೊಡ್ಡ ಬರ ಬಿತ್ತು. ಬೆಳಗಾವಿ ಜಿಲ್ಲೆಗೂ ಅದು ಜೋರಾಗೇ ತಟ್ಟಿತು. 1872ರ ಜನಗಣತಿಯ ಲೆಕ್ಕಕ್ಕಿಂತ 1881ರ ಲೆಕ್ಕದಾಗ ಜಿಲ್ಲೆಯ ಜನಸಂಖ್ಯೆ ಕಡಿಮಿ ಆಗಿತ್ತು. ಒಂಬತ್ತು ವರ್ಷದಾಗ ಹುಟ್ಟಿದವರೆಲ್ಲ ಸೇರಿದ್ರೂ ಸಂಖ್ಯೆ ಹಿಂದಕ್ಕ ಹೋಯ್ತು ಅಂದ್ರ ಎಷ್ಟು ಮಂದಿ ಸತ್ತಿರಬೇಕು, ಎಷ್ಟು ಮಂದಿ ಊರು ಬಿಟ್ಟಿರಬೇಕು. ಅದೂ ಯಾವ ಜಿಲ್ಲೆ? ವರ್ಷಾ ಆಷಾಢ, ಶ್ರಾವಣದಾಗ ಘಟಪ್ರಭಾ ತುಂಬಿ ಹರಿಯೋ ಜಿಲ್ಲೆ. ಗೋಕಾಕ ಫಾಲ್ಸಿನಾಗ ಆ ನೀರು 52 ಮೀಟರ್ ಕೆಳಗ ಧುಮುಕ್ತದ, ಅದರ ಜೋರಿಗೆ ಅಲ್ಲಿ ಹತ್ತಿ ಮಿಲ್ ನಿಂತು 1887ರಾಗ ಕರೆಂಟೂ ಹುಟ್ಟಿತು ಅಂತ ನಾವೆಲ್ಲ ಎದಿ ತಟ್ಟಿ ಹೇಳ್ತೀವಿ. ಆದರ ಅದರ ಪಕ್ಕದ ಹೊಲಕ್ಕ ಹನಿ ನೀರಿರಲಿಲ್ಲ.

1897ರಾಗ ಧುಪದಾಳ ಹತ್ತಿರ ಹೊಳಿಗೆ ಅಡ್ಡ ಒಡ್ಡು ಬಿತ್ತು. ಅಲ್ಲಿಂದ ಎಡದಂಡಿ ಕಾಲುವಿ, 71 ಕಿಲೋಮೀಟರ್. ಘಟಪ್ರಭಾ ಯೋಜನೆಯ ಮೊದಲನೇ ಹಂತ ಅಂತ ನೀರಾವರಿ ಲೆಕ್ಕದಾಗ ಬರೋದು ಇದೇ. (ಮೂರನೇ ಫೋಟೊ ಧುಪದಾಳದ್ದು. ಅಲ್ಲಿ ನಿಂತ ನೀರಿಗೆ ಚಳಿಗಾಲದಾಗ ದೂರದೇಶದ ಕೊಕ್ಕರೆ, ಕ್ರೌಂಚ ಬರ್ತಾವ. 1974ರಾಗ ಅದನ್ನ ಪಕ್ಷಿಧಾಮ ಮಾಡಿದ್ರು. ಹಕ್ಕಿಗಳಿಗೆ ಪುನರ್ವಸತಿ ಲಗೂನ ಸಿಕ್ಕಿತು.)

ಈ ಒಡ್ಡಿನಾಗ ಒಂದು ಕೊರತೆ. ಅದು ನೀರನ್ನ ತಿರುಗಿಸ್ತದ, ಆದರ ಹೆಚ್ಚು ನೀರು ಕೂಡಿಡಂಗಿಲ್ಲ. ಮಳೆಗಾಲದಾಗ ಹೊಳಿ ತುಂಬಿದಾಗ ಕಾಲುವಿ ತುಂಬ್ತದ, ಅವಾಗ ಹೊಲಕ್ಕೂ ಮಳಿ ಇರ್ತದ. ಬೇಕಾದಾಗ ಮಾತ್ರ ನೀರಿಲ್ಲ. ಕಿಸೆ ಇಲ್ಲದ ಅಂಗಿ ಹಾಕ್ಕೊಂಡು ಪಗಾರ ಇಸ್ಕೊಂಡಂಗ. ಕಿಸೆ ಬೇಕು ಅಂದ್ರ ಹೊಳಿಯ ಮ್ಯಾಲಿನ ಭಾಗದಾಗ ಎಲ್ಲಿಯಾದ್ರೂ ಒಂದು ಕಣಿವೆ ತುಂಬಬೇಕು. ತುಂಬಿದ್ದು ಹುನ್ನೂರಿನ ಕಣಿವೆ.

ಭಾಗ 4

ಡ್ಯಾಮಿನ ಲೆಕ್ಕ ಬೇಗ ಮುಗಿಸ್ತೀನಿ, ಅಂಕಿ ಎಲ್ಲಾ ಕಡೆ ಸಿಗ್ತಾವ.

ಹಿಡಕಲ್ ಡ್ಯಾಮಿನ ಎತ್ತರ 62.48 ಮೀಟರ್, ಹಿಡಿಯೋ ನೀರು 51 ಟಿಎಂಸಿ. ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. ಹೆಸರು ರಾಜಾ ಲಖಮಗೌಡ ಜಲಾಶಯ, ವಂಟಮುರಿ ಸಂಸ್ಥಾನದ ದೇಸಾಯರ ಹೆಸರು. ಬೆಳಗಾವಿಯ ಲಾ ಕಾಲೇಜಿಗೂ ಅವರದೇ ಹೆಸರು ಐತಿ. ಡ್ಯಾಮ್ ಮುಗಿದದ್ದು 1977ರಾಗ. ಕಾಲುವಿ ತೋಡಿದಾಗ ನಾವು ಮುಂಬೈ ಪ್ರಾಂತ್ಯದಾಗ ಇದ್ವಿ, 1956ರಾಗ ಮೈಸೂರು ರಾಜ್ಯಕ್ಕೆ ಬಂದ್ವಿ, ಡ್ಯಾಮ್ ತುಂಬೋ ಹೊತ್ತಿಗೆ ಕರ್ನಾಟಕ ಆಗಿದ್ವಿ. ಈಗ ಇದರ ನೀರು ಬೆಳಗಾವಿ, ಬಾಗಲಕೋಟ ಕಡೆಯ ಮೂರು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಗೆ ಅಂತ ಲೆಕ್ಕ. ಬೆಳಗಾವಿ ಪಟ್ಟಣ ಕುಡಿಯೋದೂ ಇದನ್ನ.

ಒಂದು ಮಾತು ಮಾತ್ರ ಗಮನಿಸ್ರಿ. ಯೋಜನೆ ಒಂದೇ ಸಲಕ್ಕೆ ಆದದ್ದಲ್ಲ. ಎರಡನೇ ಹಂತದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2,133 ಅಡಿ ಅಂತ ಇತ್ತು. ಮೂರನೇ ಹಂತದಾಗ 2,175 ಅಡಿಗೆ ಏರಿತು. ನಡುವಿನ ವ್ಯತ್ಯಾಸ 42 ಅಡಿ, ನಾಕು ಅಂತಸ್ತಿನ ಬಿಲ್ಡಿಂಗಿನಷ್ಟು. ಕಾಗದದ ಮೇಲೆ ಅದು ಬಲದಂಡಿ ಕಾಲುವಿ, ಚಿಕ್ಕೋಡಿ ಶಾಖಾ ಕಾಲುವಿಗೆ ಬೇಕಾದ ನೀರು. ಕಣಿವೆಯೊಳಗ ಅದು ಇನ್ನೂ 42 ಅಡಿ ಎತ್ತರದ ತನಕ ಇದ್ದ ಗದ್ದಿ, ಮಸಾರಿ, ಮನಿ, ಸ್ಮಶಾನ.

ಭಾಗ 5

ಈ ಬ್ಯಾಸಿಗ್ಯಾಗ ದೋಸ್ತನ ಮನಿಗೆ ಹೋಗಿದ್ದೆ. ಹಿನ್ನೀರಿನಿಂದ ದೂರ, ಗುಡ್ಡದ ಕಡೆಯ ಒಂದು ಹಳ್ಳಿ. ಮುಂಜಾನೆ ನಾವಿಬ್ಬರೂ ಗುಡಿ ತನಕ ನಡೆದು ಹೋಗಿ ಫೋಟೊ ತೆಗೆದು ಬಂದಿದ್ವಿ. ಆಯಿಗೆ ಮೊಳಕಾಲು ನೋವು, ಬರಾಕ ಆಗಲಿಲ್ಲ. ಊಟ ಆದ ಮ್ಯಾಲೆ ಫೋನ್ ಅವರ ಕೈಗೆ ಕೊಟ್ವಿ. ಗುಡಿ ಫೋಟೊಕ್ಕ ಕೈ ಮುಗಿದ್ರು. ಆಮೇಲೆ ಫೋನಿನ ಮೂಲಿಗೆ ಬಟ್ಟು ಇಟ್ಟು, "ಇದನ್ನ ದೊಡ್ಡದು ಮಾಡು" ಅಂದ್ರು. ಅಲ್ಲಿ ಏನೂ ಇರಲಿಲ್ಲ. ಬಿರುಕು ಬಿಟ್ಟ ರಾಡಿ, ಅದರಾಚೆ ನೀರು.

"ಇಲ್ಲೆ ಬರ್ತದ ನೋಡು ನಮ್ಮ ಗದ್ದಿ. ಗುಡಿಯಿಂದ ಬುತ್ತಿ ತಗೊಂಡು ಹೊಂಟ್ರ ಎಲಿ ಅಡಿಕಿ ಬಾಯಾಗ ಮುಗಿಯೂದರೊಳಗ ಮುಟ್ಟತಿದ್ವಿ."

ನಾನು ಊರು ಬಿಟ್ಟ ದಿನದ ಬಗ್ಗೆ ಕೇಳಿದೆ. ಅವರಿಗೆ ಅದು ಅಷ್ಟು ದೊಡ್ಡ ಕಥಿ ಅನ್ನಿಸಲಿಲ್ಲ. ಒಂದೇ ದಿನ ಅಂತ ಇರಲಿಲ್ಲಂತ. ನೋಟೀಸು ಬಂದು ವರ್ಷಗಟ್ಟಲೆ ಆಗಿತ್ತು, ನೀರು ಬರಂಗಿಲ್ಲ ಅಂತ ಮಂದಿ ನಂಬಿದ್ರು. ಅಷ್ಟು ದೊಡ್ಡ ಗೋಡೆ ಏಳೂದು ಕಣ್ಣಿಲೆ ನೋಡಿದ್ರೂ ನಂಬಿರಲಿಲ್ಲ. ಮನಿಯ ತೊಲಿ, ಕಂಬ, ಬಾಗಲಾ ಬಿಚ್ಚಿ ಚಕ್ಕಡ್ಯಾಗ ಹೇರಿದ್ರು. ಈಗಿನ ಮನಿಯ ತಲಬಾಗಲಾ ಅದೇ. ನಾಲ್ಕನೇ ಫೋಟೊ. ಚೌಕಟ್ಟು ಗೋಡೆಗಿಂತ ಹಳೇದು ಅಂತ ನೋಡಿದ್ರ ತಿಳೀತದ.

ಅವರು ತಾಸುಗಟ್ಟಲೆ ಮಾತಾಡಿದ್ದು ಸುಗ್ಗಿಯ ಬಗ್ಗೆ. ಕಣದಾಗ ಭತ್ತದ ರಾಶಿ ಆದ ಮೇಲೆ ಮೊದಲು ಮನಿಗೆ ಒಯ್ಯೂ ಹಂಗಿಲ್ಲ. ಬಡಿಗೇರ, ಕಂಬಾರ, ಕುಂಬಾರ, ಹಡಪದ, ಅಗಸರು, ತಳವಾರ, ಎಲ್ಲರಿಗೂ ಆಯ ಅಳೀಬೇಕು. ವರ್ಷಪೂರ್ತಿ ಕೂರಿಗಿ ರಿಪೇರಿ, ಕುಡಗೋಲ ಹಣಿಸೂದು, ಗಡಿಗಿ, ಚೌರ, ಇದ್ಯಾವುದಕ್ಕೂ ಕೈಯಾಗ ರೊಕ್ಕ ಕೊಡ್ತಿರಲಿಲ್ಲ. ಸುಗ್ಗ್ಯಾಗ ಕಾಳು. ಆಯಗಾರರ ಹೆಸರಲೆ ಭೂಮಿ ಹೆಚ್ಚು ಇರಲಿಲ್ಲ, ಕೆಲವರಿಗೆ ಗುಂಟೆ ಜಾಗನೂ ಇರಲಿಲ್ಲ. ಆದರ ಊರಿನ ಪ್ರತಿ ರಾಶಿಯೊಳಗ ಅವರ ಪಾಲಿತ್ತು.

ಈ ಪದ್ಧತಿ ಭಾಳ ಚಲೋ ಇತ್ತು ಅಂತ ನಾನು ಹೇಳಾಕತ್ತಿಲ್ಲ. ಯಾರಿಗೆ ಎಷ್ಟು ಅಳೀಬೇಕು, ಯಾರು ಕಣದ ಯಾವ ಮೂಲ್ಯಾಗ ನಿಲ್ಲಬೇಕು ಅನ್ನೋದರಾಗ ಜಾತಿ ಇತ್ತು. ಆಯಿ ಅದನ್ನ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೇಳಬೇಕಿತ್ತು.

ಆದರ ಪರಿಹಾರದ ಪ್ರಶ್ನೆ ಇಲ್ಲೇ ಬರೋದು. ಆಗಿನ ಕಾಯ್ದೆ 1894ರ ಭೂಸ್ವಾಧೀನ ಕಾಯ್ದೆ. ನಾನು ಬಿಕಾಂ ಹುಡುಗ, ಲೆಕ್ಕ ಎಲ್ಲಿ ಸೋರ್ತದ ಅಂತ ಹುಡುಕೋದು ಚಟ ಆಗೇತಿ, ಅದಕ್ಕ ಇದನ್ನ ಓದಿದೆ. ಸರ್ಕಾರ ಮೊದಲ ನೋಟೀಸು ಹೊರಡಿಸಿದ ದಿನ ಭೂಮಿಗೆ ಪ್ಯಾಟಿ ರೇಟು ಎಷ್ಟಿತ್ತೋ ಅಷ್ಟು, ಅದರ ಮ್ಯಾಲೆ ನೂರಕ್ಕೆ 15 ರೂಪಾಯಿ ಹೆಚ್ಚಿಗಿ. 1984ರಾಗ ಅದು 30 ಆಯ್ತು, ಹುನ್ನೂರ ಮುಳುಗಿ ವರ್ಷಗಳಾದ ಮ್ಯಾಲೆ. ನೋಟೀಸಿಗೂ ನೀರಿಗೂ ನಡುವ ರೇಟು ಏರಿದ್ರ ಆ ಏರಿಕೆ ರೈತನ ಲೆಕ್ಕಕ್ಕ ಬರಂಗಿಲ್ಲ.

ರೊಕ್ಕ ಸಿಗೋದು ಉತಾರದಾಗ ಹೆಸರಿದ್ದವರಿಗೆ. ಮನಿಯ ಹೆಣ್ಣುಮಕ್ಕಳ ಹೆಸರು ಉತಾರದಾಗ ಎಲ್ಲಿಂದ ಬರಬೇಕು? ಆಯಗಾರರ ಪಾಲು ರಾಶಿಯಾಗ ಇತ್ತು, ಉತಾರದಾಗ ಇರಲಿಲ್ಲ. ಕೂಲಿಯವರದ್ದೂ ಹಂಗ. ಭೂಮಿ ಇಲ್ಲದಿದ್ರೂ ಆ ಭೂಮಿ ಮ್ಯಾಲೆ ಬದುಕಿದ ಕೂಲಿಕಾರರು, ಕಸುಬಿನವರು ಸೈತ ಬಾಧಿತ ಕುಟುಂಬ ಅಂತ ಕಾಯ್ದೆ ಬರೆದದ್ದು 2013ರಾಗ, ಜಾರಿಗೆ ಬಂದದ್ದು 2014ರ ಜನವರಿ 1ಕ್ಕ.

ಆಯಿಯ ಮನಿಯವರಿಗೆ ಸಿಕ್ಕ ರೊಕ್ಕದಾಗ ಮ್ಯಾಲಿನ ಊರಾಗ ಹೊಲ ಬಂತು, ಖರೆ. ಮಸಾರಿ ಹೊಲ. ಶೇಂಗಾ, ಜೋಳ ಬೆಳೆದ್ರು. "ಗದ್ದಿ?" ಅಂತ ಕೇಳಿದೆ. "ಗದ್ದಿ ಎಲ್ಲಿಂದ ತರೂದು ತಮ್ಮಾ, ಅದು ಹೊಳಿ ಕೂಡ ಇರೂದು" ಅಂದ್ರು. ಮುಂದಿನ ಸುಗ್ಗಿಗೆ ಅವರ ಮನಿಯಾಗ ಮೊದಲನೇ ಸಲ ಸಂತ್ಯಾಗ ಅಕ್ಕಿ ಕೊಂಡ್ರು. ಕುಂಬಾರರ ಮನಿ ಯಾವ ಕಡೆ ಹೋಯ್ತು ಅಂತ ಆಯಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

(ಒಂದು ಸಣ್ಣ ಮಾತು. ಹೊಸ ಊರಾಗ ಲೈಟ್ ಬಂದಿದ್ದು ಆಯಿಗೆ ಭಾಳ ನೆನಪೈತಿ. ಹುಕ್ಕೇರಿ ತಾಲೂಕಿನಾಗ ಕರೆಂಟ್ ಹಂಚೋದು ಸಹಕಾರಿ ಸಂಘ, 1969ರಾಗ ಶುರುವಾದದ್ದು. ಸಹಕಾರಿ ಸಂಘದ ಉದಾಹರಣೆ ಕೊಡ್ರಿ ಅಂದ್ರ ಪರೀಕ್ಷ್ಯಾಗ ಎಲ್ಲಾರೂ ಅಮುಲ್ ಬರೀತಾರ. ಇಲ್ಲೇ ಬಗಲಾಗ ಒಂದೈತಿ.)

ಭಾಗ 6

ಇದನ್ನೆಲ್ಲ ಬರೆದು ಇಟ್ಟ ಮ್ಯಾಲೆ, ಬ್ಯಾರೆ ದೇಶದಾಗ ಭತ್ತದ ಹಳ್ಳಿ ಮುಳುಗಿದ್ರ ಏನ್ ಮಾಡ್ತಾರ ಅಂತ ಹುಡುಕಿದೆ. ಇಂಡೋನೇಷ್ಯಾ ಸಿಕ್ತು.

ಜಾವಾ ದ್ವೀಪ ಪೂರಾ ಭತ್ತದ ಸೀಮೆ. ಅಲ್ಲಿ ಹಳ್ಳಿಗೆ ದೇಸಾ ಅಂತಾರ, ನಮ್ಮ ದೇಶ ಅನ್ನೋ ಸಂಸ್ಕೃತ ಶಬ್ದನೇ. ಮಧ್ಯ ಜಾವಾದ ವೊನೊಗಿರಿಯಲ್ಲಿ ಬೆಂಗಾವನ್ ಸೋಲೋ ನದಿಗೆ ಅಡ್ಡಲಾಗಿ ಗಾಜಾ ಮುಂಗ್ಕುರ್ ಅನ್ನೋ ಜಲಾಶಯ ಕಟ್ಟಿದ್ರು. ಕಾಲ ನೋಡ್ರಿ: ನಮ್ಮ ಹಿಡಕಲ್ ಮುಗಿಯೋ ಹೊತ್ತಿಗೆ ಅಲ್ಲಿ ಕೆಲಸ ನಡೆದಿತ್ತು. 51 ಹಳ್ಳಿಗಳು ಅದರ ಪಾಲಾದವು. ಕಾರಣಾನೂ ನಮ್ಮದೇ: ಕೆಳಗಿನವರಿಗೆ ನೆರೆ ಕಾಟ ತಪ್ಪಬೇಕು, ಅವರ ಗದ್ದೆಗೆ ನೀರು ಬೇಕು.

ಅಲ್ಲಿಯ ಸರ್ಕಾರ ಸಾವಿರಾರು ಮಂದಿಯನ್ನ ಹಡಗು ಹತ್ತಿಸಿ ಪಶ್ಚಿಮ ಸುಮಾತ್ರಾದ ಸಿತಿಯುಂಗ್ ಅನ್ನೋ ಜಾಗಕ್ಕ ಕಳಿಸಿತು. ಊರಿಗೆ ಊರೇ. ಇದಕ್ಕ ಅವರು ಇಟ್ಟ ಹೆಸರು ಬೆದೋಲ್ ದೇಸಾ. ಬೆದೋಲ್ ಅಂದ್ರ ಬೇರು ಸಮೇತ ಕೀಳೋದು. ಭತ್ತದ ಸಸಿ ಮಡಿಯಿಂದ ಕಿತ್ತು ಬ್ಯಾರೆ ಗದ್ದ್ಯಾಗ ಹಚ್ಚೋರಿಗೆ ಆ ಮಾತು ಬೇಗ ತಿಳೀತದ. ಆದರ ಸಸಿಯನ್ನ ಕಿತ್ತು ಹಚ್ಚೋದು ಹದ ಮಾಡಿದ ಗದ್ದ್ಯಾಗ. ಇವರು ಇಳಿದದ್ದು ಸಮುದ್ರದಾಚೆಯ ಕಾಡುಸೀಮೆಯೊಳಗ. ಇವತ್ತಿಗೂ ವೊನೊಗಿರಿಯಲ್ಲಿ ಬರಗಾಲದಾಗ ನೀರು ಇಳಿದ್ರ ಹಳೆ ಗೋರಿಗಳು ಹೊರಗ ಬರ್ತಾವ. ನಮ್ಮ ಗುಡಿ ಬಂದಂಗ.

ಅವರದು ಚಲೋನೋ ನಮ್ಮದು ಚಲೋನೋ ಅಂತ ತೂಕ ಮಾಡಾಕ ನನಗ ಬರಂಗಿಲ್ಲ. ಅಲ್ಲಿ ನೆರೆಮನಿಯವರಾದ್ರೂ ಕೂಡಿ ಹೋದ್ರು, ಆದರ ಊರಿನ ನೀರೂ ಕಣ್ಣಿಗೆ ಬೀಳದಷ್ಟು ದೂರ. ಇಲ್ಲಿ ಆಯಿ ಗುಡ್ಡ ಹತ್ತಿದ್ರ ಹಿನ್ನೀರು ಕಾಣ್ತದ, ಕುಂಬಾರರ ಮನಿ ಕಾಣಂಗಿಲ್ಲ.

ಭಾಗ 7

ಈ ಸರಣಿ ಬರೆಯೋ ಮುಂದ ಮನ್ಯಾಗ ಅಪ್ಪನ ಕೂಡ ಸಣ್ಣ ಜಗಳ ಆಯ್ತು. ಅಪ್ಪ ಓದಿ ನೋಡಿ, "ಡ್ಯಾಮ್ ಕಟ್ಟಿದ್ದ ತಪ್ಪು ಅಂತಿ ಏನು?" ಅಂದ. ನಮ್ಮದು ಮೂಡಲಗಿ ತಾಲೂಕಿನಾಗ ಮೂರು ಎಕರೆ, ಕಬ್ಬು ಮತ್ತ ಗೋವಿನಜೋಳ. ಅಜ್ಜ ಮಳಿ ನೋಡಿ ಜೋಳ ಬಿತ್ತತಿದ್ದ. ಕಾಲುವಿಗೆ ನೀರು ಗಟ್ಟಿಯಾದ ಮ್ಯಾಲೆ ಕಬ್ಬು ಬಂತು, ಕಬ್ಬಿನ ಬಿಲ್ಲಿನಾಗ ನನ್ನ ಅಕ್ಕನ ಲಗ್ನ ಆತು, ನನ್ನ ಕಾಲೇಜ್ ಫೀ ಕಟ್ಟಿದ್ದು ಅದರಾಗ. "ಆ ನೀರು ಇಲ್ಲದಿದ್ರ ನೀ ಇವತ್ತ ಎಲ್ಲಿರತಿದ್ದಿ, ಹೇಳು ನೋಡೋಣ."

ನಾನು ತಪ್ಪು ಅಂತ ಹೇಳಿಲ್ಲ. 1876ರ ಬರದ ಲೆಕ್ಕ ಓದಿದ ಮ್ಯಾಲೆ ಹಂಗ ಹೇಳಾಕ ಬಾಯಿ ಬರಂಗಿಲ್ಲ. ಆದರ ನಮ್ಮನ್ಯಾಗ ಈಗ ದಿನಾ ಅನ್ನ ಮಾಡ್ತಾರ. ಆಯಿಯ ಮನಿಯಾಗ ಅಕ್ಕಿ ಕೊಂಡು ತರ್ತಾರ. ಈ ಎರಡೂ ಒಂದೇ ನೀರಿನ ಲೆಕ್ಕ ಅಂತ ನನಗ ಇಪ್ಪತ್ತು ವರ್ಷ ಯಾರೂ ಹೇಳಿರಲಿಲ್ಲ, ಅಪ್ಪನಿಗೂ ಹುನ್ನೂರ ಅನ್ನೋ ಹೆಸರು ಗೊತ್ತಿರಲಿಲ್ಲ. ಅಷ್ಟ ನಾನಂದಿದ್ದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಅವ್ವಗ ಒಂದು ಚೀಲ ಗೋವಿನಜೋಳ ಒಯ್ದು ಕೊಡು" ಅಂದ. ಗೋವಿನಜೋಳ ತಗೊಂಡು ಅವರೇನ್ ಮಾಡ್ತಾರ! ಕಡೀಕ ಬೆಲ್ಲ ಒಯ್ದೆ.

ಬೆಲ್ಲ ಕೊಟ್ಟಾಗ ಆಯಿ ನಮ್ಮ ಊರು ಯಾವುದು ಅಂತ ಮತ್ತ ಕೇಳಿದ್ರು. ಹೇಳಿದೆ.

"ನಿಮ್ಮ ಹೊಲಕ್ಕ ನಮ್ಮ ನೀರು ಬರ್ತದೇನು?"

ಖರೆ ಹೇಳಬೇಕಂದ್ರ ನಮ್ಮ ಹೊಲ ಇರೋದು ಹಂಚುಗಾಲುವಿಯ ಕಟ್ಟಕಡೀಕ. ಮ್ಯಾಲಿನವರು ಪಂಪ್ ಹಚ್ಚಿ ಎತ್ತಿದ ಮ್ಯಾಲೆ ಉಳಿದದ್ದು ನಮಗ. ಪಾಳಿ ಬಂದ್ರೂ ಒಮ್ಮೊಮ್ಮೆ ಹಸಿ ಮಣ್ಣಷ್ಟ. ಅದಕ್ಕ ಬೋರ್ ಹಾಕಿಸೀವಿ. "ಒಮ್ಮೊಮ್ಮೆ ಬರ್ತದ ಆಯಿ" ಅಂದೆ.

"ಒಮ್ಮೊಮ್ಮೆ?" ಅಂತ ನನ್ನ ಮಾರಿ ನೋಡಿದ್ರು. "ಮತ್ತ ಎಲ್ಲಿ ಹೊಕ್ಕೈತಿ ಅದು?"

ನನ್ನ ಕಡೆ ಉತ್ತರ ಇರಲಿಲ್ಲ. ದೋಸ್ತ ನಕ್ಕ, ನಾನೂ ನಕ್ಕೆ, ಆಯಿ ನಗಲಿಲ್ಲ.

ಕಡೀ ಫೋಟೊ ಆಯಿಯ ಕೈ. ಮಾರಿ ಹಾಕಬ್ಯಾಡ ಅಂದಾರ, ಅದಕ್ಕ ಕೈ ಅಷ್ಟ. ಹುನ್ನೂರ ಇಲ್ಲಾ ಹಿನ್ನೀರಿಗೆ ಹೋದ ಬ್ಯಾರೆ ಯಾವ ಊರಿನವರಾದ್ರೂ ಇದನ್ನ ಓದಾಕತ್ತಿದ್ರ, ಮನ್ಯಾಗ ಹಳೆ ಫೋಟೊ, ನೋಟೀಸು, ಉತಾರ, ಬಿಚ್ಚಿ ತಂದ ಬಾಗಲಾ, ಏನಿದ್ರೂ ಒಂದು ಫೋಟೊ ಹೊಡೆದು ಕಳಸ್ರಿ. ಹೆಸರು ಹಾಕಬ್ಯಾಡ ಅಂದ್ರ ಹಾಕಂಗಿಲ್ಲ. ಹುನ್ನೂರಿನಿಂದ ಹೋದ ಕುಂಬಾರರ ಮನಿಯವರು ಯಾರಾದ್ರೂ ಇದ್ರಂತೂ ಜರೂರ ಮೆಸೇಜ್ ಮಾಡ್ರಿ. ಆಯಿ ಕೇಳಾಕತ್ತಾರ.

#ಹುನ್ನೂರ #ಹಿಡಕಲ್ #ಘಟಪ್ರಭಾ #ಹುಕ್ಕೇರಿ #ಗೋಕಾಕ #ಮೂಡಲಗಿ #ನಮ್ಮೂರಇತಿಹಾಸ